ಮೊಬೈಲಿನ ನಕ್ಷೆಯೂ ತೋಟದ ಗಡಿಕಲ್ಲೂ



ಈ ಸಂಚಿಕೆಯ ವಿಷಯವನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ. ಕಳೆದ ಬೇಸಗೆಯಲ್ಲಿ ಇಗರ್ಜಿಯ ಅಡಿಕೆ ತೋಟಕ್ಕೆ ಹೊಸ ಬೇಲಿ ಹಾಕಿಸುವ ಕೆಲಸ ನಡೆದಿತ್ತು. ಯುವಜನರಲ್ಲೊಬ್ಬ ನಮ್ಮ ಹಳೆಯ ಸರ್ವೆ ಸ್ಕೆಚ್ಚಿನ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಮೊಬೈಲಿನಲ್ಲಿ ತೋರಿಸಿದ. ನಾವು ಫೋನು ಹಿಡಿದು ನೆರೆಯವರ ಅಗಳನ್ನು ದಾಟಿ ಎರಡು ಸಾಲು ಮರಗಳಷ್ಟು ಒಳಗೆ ಹೋದರೂ, ನಾವು ನಿಂತ ಜಾಗವನ್ನು ತೋರಿಸುವ ನೀಲಿ ಚುಕ್ಕಿ ಇಗರ್ಜಿಯ ಗೆರೆಯೊಳಗೇ ಇತ್ತು. ನೆರೆಯವರು ಅಷ್ಟು ಜಾಗ ಒತ್ತಿಕೊಂಡಿದ್ದಾರೆಂದು ತೀರ್ಮಾನಿಸಿದ ನಾವು ಅವರನ್ನು ಕರೆಸಿ ಹೇಳಿಯೂ ಬಿಟ್ಟೆವು. ಅವರು ವಯಸ್ಸಿನಲ್ಲಿ ನಮಗಿಂತ ಹಿರಿಯರು. ಮಾತು ಬೆಳೆಸದೆ ನಮ್ಮನ್ನು ಅಗಳಿನ ಮೂಲೆಗೆ ಕರೆದೊಯ್ದು, ಕತ್ತಿಯ ತುದಿಯಿಂದ ಮಣ್ಣು ಕೆರೆದು, ಹೂತುಹೋಗಿದ್ದ ಒಂದು ಕಲ್ಲನ್ನು ತೋರಿಸಿ, "ಫಾದರೇ, ಈ ಕಲ್ಲು ಹಾಕುವಾಗ ನನ್ನ ಅಜ್ಜ ಇಲ್ಲಿ ನಿಂತಿದ್ದರು. ನಿಮ್ಮ ಫೋನು ಎಲ್ಲಿ ನಿಂತಿತ್ತು?" ಎಂದರು.

ಬಳಿಕ ಸರ್ವೆಯರನ್ನು ಕರೆಸಿ ಅಳೆಸಿದಾಗ ಕಲ್ಲು ಸರಿಯಾದ ಸ್ಥಾನದಲ್ಲೇ ಇರುವುದು ಖಚಿತವಾಯಿತು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು.

ಹಾಗೆಂದು ಮೊಬೈಲಿನ ನಕ್ಷೆಯನ್ನು ನೋಡಲೇಬಾರದೆಂದು ನಾವು ಹೇಳುವುದಿಲ್ಲ. ನೋಡದೆ ಇದ್ದುದರಿಂದ ಜಾಗ ಕಳೆದುಕೊಳ್ಳುವ ಹಂತಕ್ಕೆ ಬಂದವರೂ ನಮ್ಮ ಧರ್ಮಕೇಂದ್ರದಲ್ಲಿಯೇ ಇದ್ದಾರೆ. ನಕ್ಷೆ ಒಂದು ಸಾಕ್ಷಿ. ಆಧಾರ, ಗಡಿಕಲ್ಲು, ನೆರೆಕರೆಯವರ ನೆನಪು ಇವೂ ಸಾಕ್ಷಿಗಳು. ಎಲ್ಲ ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿ ಕೇಳಬೇಕು. ಒಂದಕ್ಕೊಂದು ತಾಳೆಯಾಗದಿದ್ದರೆ ಅವಧಿ ಮೀರುವ ಮೊದಲು ಲಿಖಿತವಾಗಿ ತಿಳಿಸಬೇಕು. ಅದನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಈ ನಕ್ಷೆ ಎಲ್ಲಿಂದ ಬಂತು?

ಕಾಸರಗೋಡು 1956ರ ನವಂಬರ 1ರ ತನಕ ಮದರಾಸು ಆಡಳಿತದ ಕಾಲದಿಂದ ಬಂದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ನಮ್ಮ ಹಿರಿಯರ ಜಾಗಗಳನ್ನು ಆಗ ಅಳೆದದ್ದು ಕಬ್ಬಿಣದ ಸರಪಣಿಯಿಂದ. ಒಂದು ಸರಪಣಿ 66 ಅಡಿ, ಅದರಲ್ಲಿ 100 ಕೊಂಡಿಗಳು. ಆ ಅಳತೆಗಳನ್ನು ಬರೆದಿಟ್ಟ ಸ್ಕೆಚ್ಚುಗಳು ಕಚೇರಿಗಳ ಕಪಾಟಿನಲ್ಲಿದ್ದವು. ಕೇರಳ ಸರಕಾರ 1966ರಲ್ಲಿ ಮರು ಸರ್ವೆ ಆರಂಭಿಸಿತಾದರೂ ಅರ್ಧ ಶತಮಾನ ಕಳೆದರೂ ಅದು ಎಲ್ಲ ಗ್ರಾಮಗಳಿಗೆ ಮುಟ್ಟಲಿಲ್ಲ.

2022ರ ನವಂಬರ 1ರಂದು ಡಿಜಿಟಲ್ ಸರ್ವೆಗೆ ಚಾಲನೆ ದೊರೆಯಿತು. ಇದಕ್ಕೆ ತೆಗೆದಿಟ್ಟ ಮೊತ್ತ 858.42 ಕೋಟಿ ರೂಪಾಯಿ. ರಾಜ್ಯದಲ್ಲಿ 28 ಕಡೆ ಉಪಗ್ರಹ ಸಂಕೇತವನ್ನು ಸದಾ ಹಿಡಿಯುವ ಸ್ಥಿರ ಕೇಂದ್ರಗಳನ್ನು ಸ್ಥಾಪಿಸಲಾಯಿತು. ಸರ್ವೆಯರರು ಕೋಲಿನ ಮೇಲೆ ಹಿಡಿದು ತರುವ ರೋವರ್ ಎಂಬ ಯಂತ್ರ ಈ ಕೇಂದ್ರಗಳ ಸಹಾಯದಿಂದ ಸೆಂಟಿಮೀಟರುಗಳ ಲೆಕ್ಕದಲ್ಲಿ ಸ್ಥಾನವನ್ನು ಗುರುತಿಸುತ್ತದೆ. 2024ರ ಅಕ್ಟೋಬರ 22ರಂದು 'ಎಂಡೆ ಭೂಮಿ', ಅಂದರೆ 'ನನ್ನ ಭೂಮಿ', ಎಂಬ ಜಾಲತಾಣ ಉದ್ಘಾಟನೆಗೊಂಡಿತು. ನೋಂದಣಿ, ಕಂದಾಯ, ಸರ್ವೆ ಈ ಮೂರು ಇಲಾಖೆಗಳ ದಾಖಲೆಗಳು ಬೇರೆ ಬೇರೆ ಇದ್ದುದನ್ನು ಇದು ಒಂದೇ ಬಾಗಿಲಿಗೆ ತಂದಿತು. ಇದು ಮೊದಲು ಪ್ರಯೋಗಕ್ಕೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ ಎಂಬುದು ನಮ್ಮವರು ತಿಳಿದಿರಬೇಕಾದ ಸಂಗತಿ.

ಶಾಲೆಯಲ್ಲಿ ನಕ್ಷೆ ಬಿಡಿಸಲು ನಾವೆಲ್ಲ ಎಣ್ಣೆ ಕಾಗದ ಬಳಸುತ್ತಿದ್ದೆವು. ಒಂದು ಕಾಗದದಲ್ಲಿ ನದಿ, ಇನ್ನೊಂದರಲ್ಲಿ ರಸ್ತೆ, ಮತ್ತೊಂದರಲ್ಲಿ ಊರುಗಳನ್ನು ಬರೆದು ಒಂದರ ಮೇಲೊಂದು ಇಟ್ಟರೆ ಎಲ್ಲವೂ ಒಟ್ಟಿಗೆ ಕಾಣುತ್ತಿತ್ತು. ಅಂತರ್ಜಾಲದ ನಕ್ಷೆಯೂ ಹಾಗೆಯೇ. ಜಾಗದ ಗಡಿ ಒಂದು ಪದರ, ಉಪಗ್ರಹದ ಚಿತ್ರ ಒಂದು ಪದರ, ತೋಡು ಹೊಳೆಗಳು ಒಂದು ಪದರ, ಗುಡ್ಡೆ ಜರಿಯುವ ಭೀತಿ ಇರುವ ಕಡೆಗಳು ಒಂದು ಪದರ. ಬೇಕಾದುದನ್ನು ಬೆರಳಿನಿಂದ ತೆರೆಯಬಹುದು, ಮುಚ್ಚಬಹುದು, ದೊಡ್ಡದು ಮಾಡಿ ನೋಡಬಹುದು. ಆದರೆ ಈ ಕಾಗದಗಳನ್ನು ಬರೆದವರು ಬೇರೆ ಬೇರೆ, ಬರೆದ ಕಾಲ ಬೇರೆ, ಅಳತೆಯ ನಿಖರತೆಯೂ ಬೇರೆ. ಒಂದು ಕಾಗದ ಸ್ವಲ್ಪ ಸರಿದು ಕೂತರೆ ಗೆರೆ ನೆರೆಯವರ ತೋಟದ ಮೇಲೆ ಬೀಳುತ್ತದೆ. ನಮಗಾದದ್ದು ಅದೇ.

ಅದರ ಜತೆಗೆ ಫೋನಿನ ತಪ್ಪು. ಸಾಮಾನ್ಯ ಮೊಬೈಲು ಬಯಲಿನಲ್ಲಿ ನಿಂತಾಗಲೂ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. ಅಡಿಕೆ, ತೆಂಗಿನ ಸೋಗೆಯ ಅಡಿಯಲ್ಲಿ ಅದಕ್ಕಿಂತ ಹೆಚ್ಚು. ಅಡಿಕೆಮರಗಳ ನಡುವೆ 9 ಅಡಿ ಅಂತರವೆಂದು ಹಿಡಿದರೆ 5 ಮೀಟರ್ ಎಂದರೆ ಹೆಚ್ಚುಕಡಿಮೆ ಎರಡು ಸಾಲು. 40 ಮೀಟರ್ ಉದ್ದದ ಬೇಲಿಯ ಮೇಲೆ ಈ ತಪ್ಪು ಬಿದ್ದರೆ ಲೆಕ್ಕ 5 ಸೆಂಟ್ಸಿಗೆ ಬರುತ್ತದೆ. ಅಷ್ಟು ಜಾಗಕ್ಕಾಗಿ ಎರಡು ತಲೆಮಾರು ಕೋರ್ಟು ಹತ್ತಿದವರನ್ನು ನಾವು ಕಂಡಿದ್ದೇವೆ. ಆದ್ದರಿಂದ ಫೋನಿನ ಚುಕ್ಕಿಯನ್ನು ನಂಬಿ ಬೇಲಿ ಹಾಕಬೇಡಿ, ಮಾತನ್ನೂ ಆಡಬೇಡಿ.

ನೋಡಲು ಕೂರುವ ಮೊದಲು

ಮನೆಯಲ್ಲಿ ಮೊಬೈಲು ಬಲ್ಲವರಿಲ್ಲದಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಬಹುದು. ಎಲ್ಲಿ ಕೂತರೂ ಈ ಕೆಳಗಿನವು ಕೈಯಲ್ಲಿರಲಿ:

1. ಜಾಗದ ಆಧಾರ. ಗುರುತಿನ ಚೀಟಿಯಾದ ಆಧಾರ್ ಕಾರ್ಡಲ್ಲ, ನೋಂದಣಿಯಾದ ದಾಖಲೆ. ಅದರಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದಿರುತ್ತದೆ.

2. ಕೊನೆಯ ವರ್ಷದ ತೀರ್ವೆ ರಶೀದಿ. ಸರ್ವೆ ನಂಬ್ರ, ಅದರ ಉಪವಿಭಾಗ, ತಂಡಪ್ಪೇರು ನಂಬ್ರ ಅದರಲ್ಲಿವೆ.

3. ಹಳೆಯ ಸ್ಕೆಚ್ಚು ಇದ್ದರೆ ಅದು. ಮರು ಸರ್ವೆ ನಡೆದ ಕಡೆ ನಂಬ್ರ ಬದಲಾಗುತ್ತದೆ. ಹಳೆಯದು ಯಾವುದು, ಹೊಸತು ಯಾವುದು ಎಂದು ಜತೆಯಾಗಿ ಬರೆದಿಟ್ಟುಕೊಳ್ಳಿ.

4. ನೋಂದಾಯಿಸಿದ ಮೊಬೈಲು. ಹಲವು ಮನೆಗಳಲ್ಲಿ ಗಲ್ಫಿನಲ್ಲಿರುವ ಮಗನ ನಂಬ್ರ ಕೊಟ್ಟಿರುತ್ತಾರೆ. ಒಂದು ಬಾರಿಯ ಗುಪ್ತ ಸಂಖ್ಯೆ ಅಲ್ಲಿಗೆ ಹೋಗುತ್ತದೆ. ಇಲ್ಲಿ ತಾಯಿ ಅಕ್ಷಯ ಕೇಂದ್ರದಲ್ಲಿ ಕಾಯುತ್ತ ಕೂರುತ್ತಾರೆ. ಊರಿನಲ್ಲಿರುವವರ ನಂಬ್ರವನ್ನೇ ಕೊಡುವುದು ಲೇಸು.

ಅಳತೆಯ ವಿಷಯದಲ್ಲಿ ಒಂದು ಎಚ್ಚರ. ನಾವು ಎಕರೆ, ಸೆಂಟ್ಸಿನಲ್ಲಿ ಮಾತನಾಡುತ್ತೇವೆ. ದಾಖಲೆ ಹೆಕ್ಟೇರು, ಆರ್‌ಗಳಲ್ಲಿ ಇರುತ್ತದೆ. ಒಂದು ಆರ್ ಎಂದರೆ 100 ಚದರ ಮೀಟರ್, ಅಂದರೆ 2.47 ಸೆಂಟ್ಸ್. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ದಾಖಲೆಯಲ್ಲಿ 0.2550 ಹೆಕ್ಟೇರು ಎಂದಿದ್ದರೆ ಅದು 25.50 ಆರ್, ಅಂದರೆ 63 ಸೆಂಟ್ಸ್. '25' ಎಂಬುದನ್ನು ಕಂಡು "ನನ್ನ ಅರುವತ್ತಮೂರು ಸೆಂಟ್ಸ್ ಇಪ್ಪತ್ತೈದಾಯಿತು" ಎಂದು ಗಾಬರಿಯಿಂದ ನಮ್ಮ ಬಳಿಗೆ ಬಂದವರಿದ್ದಾರೆ.

ಇನ್ನೊಂದು ಸಂಗತಿ ಗುಡ್ಡೆಯ ಜಾಗದವರಿಗೆ. ನಕ್ಷೆ ಲೆಕ್ಕ ಹಾಕುವುದು ಸಮತಲದ ಅಳತೆಯನ್ನು. 30 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ ಟೇಪು ಹಿಡಿದರೆ 100 ಮೀಟರ್ ಬರುವುದು ನಕ್ಷೆಯಲ್ಲಿ ಸುಮಾರು 87 ಮೀಟರ್ ಆಗುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ. ಸರಪಣಿಯ ಅಳತೆಗೂ ಯಂತ್ರದ ಅಳತೆಗೂ ಸಣ್ಣ ವ್ಯತ್ಯಾಸ ಬರುವುದೂ ಸಹಜ. ಕಲ್ಲುಗಳು ಸ್ವಸ್ಥಾನದಲ್ಲಿದ್ದು ನಕ್ಷೆಯ ಆಕಾರ ಸರಿಯಾಗಿದ್ದರೆ ಅರ್ಧ ಸೆಂಟ್ಸಿಗಾಗಿ ನೆರೆಯವರೊಡನೆ ಮನಸ್ತಾಪ ಬೇಡ.

ಕರಡು ನಕ್ಷೆಗೆ ಮೂವತ್ತು ದಿನ

ಡಿಜಿಟಲ್ ಸರ್ವೆ ನಡೆದ ಗ್ರಾಮದಲ್ಲಿ ಮೊದಲು ಪ್ರಕಟವಾಗುವುದು ಕರಡು ನಕ್ಷೆ. ಕೇರಳದ 1961ರ ಸರ್ವೆ ಮತ್ತು ಗಡಿ ಕಾನೂನಿನ 9(2)ನೇ ವಿಧಿಯಂತೆ ಅದನ್ನು ಪ್ರಕಟಿಸಿ, ಸರ್ವೆ ಶಿಬಿರ ಕಚೇರಿಯಲ್ಲಿಯೂ ಜಾಲತಾಣದಲ್ಲಿಯೂ ನೋಡಲು ಅವಕಾಶ ಕೊಡುತ್ತಾರೆ. ಆಕ್ಷೇಪ ಸಲ್ಲಿಸಲು ಅವಧಿ 30 ದಿನ. ಬಳಿಕ 13ನೇ ವಿಧಿಯಂತೆ ಅಂತಿಮ ಪ್ರಕಟಣೆ ಆಗುತ್ತದೆ. ಅದಾದ ಮೇಲೂ ತಿದ್ದಿಸುವುದು ಸಾಧ್ಯವಿದೆಯಾದರೂ ಆ ದಾರಿ ಉದ್ದ, ಖರ್ಚೂ ಹೆಚ್ಚು.

ನಮ್ಮ ಒಂದು ವಾರ್ಡಿನಲ್ಲಿ ನಡೆದದ್ದನ್ನು ಹೆಸರು ಹೇಳದೆ ತಿಳಿಸುತ್ತೇವೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಒಂಟಿಯಾಗಿ ವಾಸವಾಗಿದ್ದಾರೆ, ಹೆಣ್ಣುಮಕ್ಕಳಿಬ್ಬರು ಮುಂಬಯಿಯಲ್ಲಿ. ಸರ್ವೆಯವರು ಬಂದ ದಿನ ಅವರು ಆಸ್ಪತ್ರೆಗೆ ಹೋಗಿದ್ದರು. ಗಡಿಯಲ್ಲಿ ಕೊಟ್ಟೆಮುಳ್ಳಿನ ಪೊದೆ ಬೆಳೆದು ಕಲ್ಲು ಕಾಣುತ್ತಿರಲಿಲ್ಲ. ಚಕ್ಕುಬಂದಿಯಲ್ಲಿ 'ಪಡುವಣಕ್ಕೆ ತೋಡು' ಎಂದಿತ್ತು. ಆದರೆ ಆ ತೋಡು ಹಿಂದೊಂದು ನೆರೆಯಲ್ಲಿ ದಿಕ್ಕು ಬದಲಿಸಿ ಇವರ ಗದ್ದೆಯೊಳಗಿಂದಲೇ ಹರಿಯತೊಡಗಿತ್ತು. ಈಗ ನೀರು ಹರಿಯುವ ಜಾಗವೇ ಗಡಿಯೆಂದು ಗೆರೆ ಬಿತ್ತು. ಹಳೆಯ ತೋಡಿನ ತನಕದ 11 ಸೆಂಟ್ಸ್ ಆಚೆಯವರ ನಂಬ್ರಕ್ಕೆ ಸೇರಿತು. ಆಚೆಯವರು ಕೇಳಿದ್ದೂ ಅಲ್ಲ, ಅವರಿಗೆ ಗೊತ್ತೂ ಇರಲಿಲ್ಲ.

ಕರಡು ಪ್ರಕಟವಾದ ಇಪ್ಪತ್ತನಾಲ್ಕನೆಯ ದಿನ ವಾರ್ಡಿನ ಗುರಿಕಾರರು ಬೇರೆ ಕೆಲಸಕ್ಕೆ ಅವರ ಮನೆಗೆ ಹೋದಾಗ ಮೊಬೈಲಿನಲ್ಲಿ ನಕ್ಷೆ ತೆರೆದು ನೋಡಿದರು. ಮರುದಿನವೇ ಆಧಾರ, ರಶೀದಿಗಳ ಪ್ರತಿಯೊಂದಿಗೆ ಆಕ್ಷೇಪ ಸಲ್ಲಿಸಿದರು. ಆಚೆಯ ಮನೆಯವರೂ ಸಹಿ ಹಾಕಿಕೊಟ್ಟರು. ಸರ್ವೆಯವರು ಮತ್ತೆ ಬಂದರು; ಪೊದೆ ಕಡಿದಾಗ ಎರಡು ಕಲ್ಲುಗಳು ಸಿಕ್ಕಿದವು; ಗೆರೆ ತಿದ್ದಲ್ಪಟ್ಟಿತು. ಇನ್ನೂ ಆರು ದಿನ ಯಾರೂ ನೋಡದೆ ಹೋಗಿದ್ದರೆ ಆ ತಾಯಿಯ ಗದ್ದೆಯ ಒಳ್ಳೆಯ ಭಾಗ ಕಾಗದದಲ್ಲಿ ಇಲ್ಲವಾಗುತ್ತಿತ್ತು.

ಕರಡಿನಲ್ಲಿ ನೋಡಬೇಕಾದದ್ದು ಐದು ಸಂಗತಿ: ಹೆಸರು ಸರಿಯಾಗಿದೆಯೇ, ನಿಮ್ಮ ಜಾಗದ ಆಕಾರ ಹಳೆಯ ಸ್ಕೆಚ್ಚಿಗೆ ಹೋಲುತ್ತದೆಯೇ, ನಾಲ್ಕು ದಿಕ್ಕಿನ ನೆರೆಯವರು ಚಕ್ಕುಬಂದಿಯಲ್ಲಿರುವಂತೆಯೇ ಇದ್ದಾರೆಯೇ, ವಿಸ್ತೀರ್ಣ ಎಷ್ಟು, ಮನೆಗೆ ಬರುವ ದಾರಿ ನಕ್ಷೆಯಲ್ಲಿದೆಯೇ. ಹೆಸರಿನ ವಿಷಯದಲ್ಲಿ ನಮ್ಮವರಿಗೆ ತೊಂದರೆ ಹೆಚ್ಚು. ಕನ್ನಡದಲ್ಲಿದ್ದ ಹೆಸರು ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗಿ ಬರುವಾಗ ರೂಪ ಬದಲಾಗುತ್ತದೆ. ತಂದೆಯ ಹೆಸರಿನ ಅಕ್ಷರ ಬೇರೆ, ಮಗನದು ಬೇರೆ ಆದರೆ ಮುಂದೆ ಪಾಲುಪಟ್ಟಿಯ ಸಮಯದಲ್ಲಿ ಕಷ್ಟ.

ಭಾಷೆ ಬಾರದೆಂದು ಸುಮ್ಮನಿರಬೇಡಿ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ರಾಜಭಾಷಾ ಕಾನೂನು ಕನ್ನಡಿಗರಿಗೆ ಕೊಟ್ಟಿತ್ತು. ಜತೆಗೆ ಮಲಯಾಳದ ಪ್ರತಿಯೊಂದನ್ನು ಇಟ್ಟರೆ ಕೆಲಸ ಬೇಗ ಆಗುತ್ತದೆ ಎಂಬುದು ನಮ್ಮ ಅನುಭವ. ಸಲ್ಲಿಸಿದ್ದಕ್ಕೆ ದಿನಾಂಕವಿರುವ ರಶೀದಿ ಪಡೆಯಲು ಮರೆಯಬೇಡಿ.

ಕುಮ್ಕಿಯ ಮಾತು

ಈ ನಕ್ಷೆ ನೋಡಿದ ಹಲವರು ಕೇಳುವ ಪ್ರಶ್ನೆ: "ನಮ್ಮ ಕುಮ್ಕಿ ಎಲ್ಲಿ ಹೋಯಿತು?" ಹಳೆಯ ದಕ್ಷಿಣ ಕನ್ನಡದ ಕ್ರಮದಂತೆ ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸೌಕರ್ಯ ಕೃಷಿಕನಿಗಿತ್ತು. ಅಡಿಕೆ ತೋಟಕ್ಕೆ ಸೊಪ್ಪು ಬಂದದ್ದು ಅಲ್ಲಿಂದಲೇ. ಅದು ಅನುಭವದ ಹಕ್ಕಾಗಿತ್ತು, ಒಡೆತನವಾಗಿರಲಿಲ್ಲ. ಆದ್ದರಿಂದ ನಕ್ಷೆಯಲ್ಲಿ ನಿಮ್ಮ ಗೆರೆ ವರ್ಗದ ಅಂಚಿಗೆ ನಿಂತರೆ ಜಾಗ ಕಡಿಮೆಯಾಯಿತೆಂದು ಭಾವಿಸಬಾರದು. ಆದರೆ ಕುಮ್ಕಿಯೊಳಗೆ ಗೇರು ನೆಟ್ಟವರು, ಬಾವಿ ತೋಡಿದವರು, ಮನೆ ಕಟ್ಟಿಕೊಂಡವರು ಇದ್ದಾರೆ. ಹಿಂದೆ ಕಣ್ಣಳತೆಯಲ್ಲಿ ನಡೆದುಹೋಗುತ್ತಿದ್ದ ಈ ಅನುಭೋಗ ಇನ್ನು ಮುಂದೆ ಗೆರೆಯ ಹೊರಗೆ ಸ್ಪಷ್ಟವಾಗಿ ಕಾಣುತ್ತದೆ. ಅಂಥವರು ತಾಲೂಕು ಕಚೇರಿಯಲ್ಲಿ ವಿಚಾರಿಸಿ ಮಂಜೂರಾತಿಗೆ ಅರ್ಜಿ ಕೊಡುವ ವಿಷಯವನ್ನು ಈಗಲೇ ಯೋಚಿಸಬೇಕು. ಕುಮ್ಕಿಯನ್ನು ತನ್ನದೆಂದು ಬರೆದು ಮಾರುವುದು, ಕೊಳ್ಳುವುದು ಎರಡೂ ಬೇಡ.

ನಕ್ಷೆಗೆ ಕಾಣದ್ದು

ಆಕಾಶದಿಂದ ತೆಗೆದ ಚಿತ್ರಕ್ಕೆ ಮರದ ಅಡಿಯಲ್ಲಿರುವುದು ಕಾಣುವುದಿಲ್ಲ. ಇದರಿಂದ ಎಷ್ಟು ದೊಡ್ಡ ಎಡವಟ್ಟಾಗಬಹುದು ಎಂಬುದನ್ನು ಕೇರಳ ಇಡೀ ಕಂಡಿದೆ. ಸಂರಕ್ಷಿತ ಅರಣ್ಯಗಳ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್ 3ರಂದು ಆದೇಶಿಸಿತು. ಆ ವಲಯದಲ್ಲಿ ಎಷ್ಟು ಮನೆ, ಅಂಗಡಿ, ಕಟ್ಟಡಗಳಿವೆ ಎಂದು ಉಪಗ್ರಹ ಚಿತ್ರದಿಂದ ಲೆಕ್ಕ ಹಾಕಿ, ಆ ವರ್ಷದ ಡಿಸೆಂಬರದಲ್ಲಿ ವರದಿಯನ್ನೂ ನಕ್ಷೆಯನ್ನೂ ಜಾಲತಾಣದಲ್ಲಿ ಪ್ರಕಟಿಸಲಾಯಿತು. ವಯನಾಡು, ಇಡುಕ್ಕಿಯ ಜನ ನೋಡಿದರೆ ಅನೇಕರ ಮನೆಗಳೇ ಅದರಲ್ಲಿಲ್ಲ. ಕಾಫಿ, ಕರಿಮೆಣಸಿನ ತೋಟದ ಮರಗಳ ಅಡಿಯಲ್ಲಿದ್ದ ಮನೆಗಳು ಯಂತ್ರಕ್ಕೆ ಕಾಡಿನಂತೆ ಕಂಡಿದ್ದವು. ಪಂಚಾಯತುಗಳಲ್ಲಿ ಸಹಾಯ ಕೇಂದ್ರಗಳು ತೆರೆದವು. ಹತ್ತಾರು ಸಾವಿರ ದೂರುಗಳು ಬಂದವು. ನೆಲದ ಮೇಲೆ ನಡೆದು ಮತ್ತೆ ಎಣಿಸಿದರು. ಉಪಗ್ರಹದ ಲೆಕ್ಕದಲ್ಲಿ ಐವತ್ತು ಸಾವಿರಕ್ಕಿಂತ ಕಡಿಮೆ ಇದ್ದ ಕಟ್ಟಡಗಳು ನೆಲದ ಲೆಕ್ಕದಲ್ಲಿ ಎಪ್ಪತ್ತು ಸಾವಿರ ದಾಟಿದವು. 2023ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ತನ್ನ ಹಿಂದಿನ ಆದೇಶವನ್ನೇ ಸಡಿಲಿಸಿತು. ದೂರು ಕೊಡದೆ ಎಲ್ಲರೂ ಮನೆಯಲ್ಲೇ ಕುಳಿತಿದ್ದರೆ ಆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಕಾಗದದಲ್ಲಿ ಕಾಡಾಗಿಯೇ ಉಳಿಯುತ್ತಿದ್ದವು.

ನಮ್ಮ ಊರಿನಲ್ಲಿ ನಕ್ಷೆಗೆ ಕಾಣದ ಇನ್ನೊಂದು ವಸ್ತು ಸುರಂಗ. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದು ನೀರು ತರುವ ಈ ಸುರಂಗಗಳು ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಕಡೆಗಳಲ್ಲಿ ಎಷ್ಟೋ ಮನೆಗಳಿಗೆ ಕುಡಿಯುವ ನೀರಿನ ಆಸರೆ. ಸುರಂಗದ ಬಾಯಿ ಒಬ್ಬರ ಅಂಗಳದಲ್ಲಿದ್ದರೆ ಅದರ ಕೊನೆ ಇನ್ನೊಬ್ಬರ ಗುಡ್ಡೆಯ ಅಡಿಯಲ್ಲಿರುತ್ತದೆ. ಮೇಲೆ ಜೆ.ಸಿ.ಬಿ. ಯಂತ್ರ ಓಡಿದರೆ, ಕೊಳವೆಬಾವಿ ಕೊರೆದರೆ, ಕೆಳಗಿನ ಮನೆಯ ನೀರು ನಿಂತೀತು. ನಿಮ್ಮ ಮನೆಯ ಸುರಂಗ ಯಾವ ದಿಕ್ಕಿಗೆ, ಎಷ್ಟು ಕೋಲು ಹೋಗಿದೆ ಎಂದು ಬಲ್ಲ ಹಿರಿಯರು ಇರುವಾಗಲೇ ನಕ್ಷೆಯ ಒಂದು ಪ್ರತಿ ತೆಗೆದು ಅದರ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಡಿ. ಒಂದು ಪ್ರತಿ ಮೇಲಿನ ಜಾಗದವರಿಗೂ ಕೊಡಿ.

ಪರಿಸರದ ಪದರಗಳು

ಇಸ್ರೋ ಸಂಸ್ಥೆ 2009ರಲ್ಲಿ ಆರಂಭಿಸಿದ 'ಭುವನ್' ತಾಣದಲ್ಲಿ ಉಪಗ್ರಹ ಚಿತ್ರಗಳನ್ನೂ ಭೂಮಿಯ ಬಳಕೆಯ ನಕ್ಷೆಗಳನ್ನೂ ನೋಡಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ 'ಭೂಕೋಶ್' ತಾಣದಲ್ಲಿ ಕಲ್ಲು ಮಣ್ಣಿನ ಬಗೆಯೂ ಭೂಕುಸಿತದ ಸಾಧ್ಯತೆಯ ನಕ್ಷೆಯೂ ಇವೆ. ಇವನ್ನು ನೋಡುವಾಗ ಮೊದಲು ವಿಚಾರಿಸಬೇಕಾದದ್ದು ಅಳತೆಯ ಪ್ರಮಾಣವನ್ನು. ಭೂಕುಸಿತದ ಆ ನಕ್ಷೆಯನ್ನು 1:50,000 ಪ್ರಮಾಣದಲ್ಲಿ ತಯಾರಿಸಲಾಗಿದೆ. ಅಂದರೆ ಕಾಗದದ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಹತ್ತು ಸೆಂಟ್ಸಿನ ಮನೆಜಾಗ ಸುಮಾರು 20 ಮೀಟರ್ ಅಗಲ, 20 ಮೀಟರ್ ಉದ್ದ. ಆ ನಕ್ಷೆಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆರಳಿನಿಂದ ಎಷ್ಟು ದೊಡ್ಡದು ಮಾಡಿದರೂ ಬರೆದವರು ಬರೆಯದೆ ಇದ್ದ ವಿವರ ಅಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಕೆಂಪು ಬಣ್ಣ ಕಂಡ ಕೂಡಲೇ ಮನೆ ಬಿಡಬೇಕಾಗಿಲ್ಲ. ಹಸಿರು ಕಂಡಿತೆಂದು ಮನೆಯ ಹಿಂದಿನ ಧರೆಯನ್ನು ಕಡಿಯಲೂ ಬಾರದು. ಇಡೀ ಗುಡ್ಡೆಯ ಸ್ವಭಾವ ತಿಳಿಯಲು ಅದು ಉಪಯುಕ್ತ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್ಮಲೆಗಳಲ್ಲಿ ಆದದ್ದು ನೆನಪಿದೆಯಲ್ಲವೇ? ಮಣ್ಣು ಜರಿದದ್ದು ಎಲ್ಲೋ ಮೇಲೆ. ಕಲ್ಲು ಕೆಸರು ಹೊಳೆಯ ಪಾತ್ರದಲ್ಲಿ ಸುಮಾರು 8 ಕಿಲೋಮೀಟರ್ ಹರಿದು ಬಂತು. ಕೊಚ್ಚಿಹೋದ ಮನೆಗಳಲ್ಲಿ ಹಲವು ಹೊಳೆಯ ಬದಿಯ ಸಮತಟ್ಟಾದ ಜಾಗದಲ್ಲಿದ್ದವು. ತನ್ನ ಜಾಗದ ಬಣ್ಣ ಮಾತ್ರ ನೋಡಿದರೆ ಸಾಲದು, ಮನೆಯ ಬದಿಯ ತೋಡನ್ನು ಬೆರಳಿನಿಂದ ಹಿಂಬಾಲಿಸುತ್ತ ಮೇಲಕ್ಕೆ ಹೋಗಿ ಅದು ಯಾವ ಗುಡ್ಡೆಯಿಂದ ಇಳಿಯುತ್ತದೆ ಎಂದು ನೋಡಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಅಂತರ್ಜಲದ ನಕ್ಷೆಗೂ ಇದೇ ಮಾತು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಕೇಂದ್ರ ಅಂತರ್ಜಲ ಮಂಡಳಿಯ 2017ರ ಅಂದಾಜಿನಂತೆ ಕಾಸರಗೋಡು ಬ್ಲಾಕು 'ಗಂಭೀರ' ವರ್ಗಕ್ಕೆ ಸೇರಿತ್ತು. ಇಂಗುವ ನೀರಿನ 90ರಿಂದ 100 ಶೇಕಡಾವನ್ನು ಮೇಲೆತ್ತುತ್ತಿದ್ದಾರೆ ಎಂಬುದು ಇದರ ಅರ್ಥ. ಅಲ್ಲಿ ಬಣ್ಣ ಕೊಡುವುದು ಇಡೀ ಬ್ಲಾಕಿಗೆ. ನಿಮ್ಮ ಬಾವಿಯಲ್ಲಿ ಎಪ್ರಿಲಿಗೆ ಎಷ್ಟು ನೀರಿರುತ್ತದೆ ಎಂದು ನಿಮ್ಮ ಹಗ್ಗವೇ ಹೇಳಬೇಕು. ಪ್ರತಿ ತಿಂಗಳು ಒಂದು ದಿನ ಹಗ್ಗದಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಎರಡು ವರ್ಷದಲ್ಲಿ ನಿಮ್ಮ ಜಾಗದ ನಿಜವಾದ ಅಂತರ್ಜಲ ದಾಖಲೆ ಸಿದ್ಧವಾಗುತ್ತದೆ.

ಬಾವಿಯ ನೀರು, ಮನೆಯವರ ಆರೋಗ್ಯ

ಜಾಗದ ನಕ್ಷೆಯನ್ನೂ ತೋಡಿನ ನಕ್ಷೆಯನ್ನೂ ಒಟ್ಟಿಗೆ ನೋಡುವುದರಿಂದ ದೊಡ್ಡ ಪ್ರಯೋಜನ ಆರೋಗ್ಯಕ್ಕೆ. ಮುರಕಲ್ಲು ಜೇನುಗೂಡಿನಂತೆ ತೂತಿನ ಕಲ್ಲು. ನೀರು ಅದರೊಳಗೆ ಸುಲಭವಾಗಿ ಸಾಗುತ್ತದೆ, ಕೊಳೆಯೂ ಸಾಗುತ್ತದೆ. ಕುಡಿಯುವ ನೀರಿನ ಬಾವಿಗೂ ಪಾಯಖಾನೆಯ ಇಂಗುಗುಂಡಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರ ಬೇಕೆಂದು ಕೇರಳದ ಪಂಚಾಯತು ಕಟ್ಟಡ ನಿಯಮ ಹೇಳುತ್ತದೆ. ನಾವು ನಮ್ಮ ಗುಂಡಿಯನ್ನು ಲೆಕ್ಕ ಹಾಕುತ್ತೇವೆ, ಬೇಲಿಯಾಚೆಯ ನೆರೆಯವರದನ್ನು ಮರೆಯುತ್ತೇವೆ. ನಕ್ಷೆಯ ಪ್ರತಿಯಲ್ಲಿ ನಿಮ್ಮ ಬಾವಿ, ಸುತ್ತಲಿನ ಎಲ್ಲ ಗುಂಡಿಗಳು, ಹಟ್ಟಿ, ಗೊಬ್ಬರದ ಗುಂಡಿ ಇವನ್ನು ಗುರುತಿಸಿ. ಹತ್ತಿರವೆಂದು ಕಂಡದ್ದನ್ನು ನೆಲದ ಮೇಲೆ ಟೇಪು ಹಿಡಿದು ಅಳೆಯಿರಿ. ಇಲ್ಲಿಯೂ ಫೋನಿನ ಅಳತೆ ಸಾಲದು. ಅಂತರ ಕಡಿಮೆ ಇದ್ದರೆ ನೀರನ್ನು ಪರೀಕ್ಷೆಗೆ ಕೊಡಿ. ಮಳೆ ಹಿಡಿದ ಮೇಲೆ ಕುದಿಸದೆ ಕುಡಿಯಬೇಡಿ.

ನೀರು ಮೇಲಿನಿಂದ ಏನನ್ನು ತರುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಬಹಳ ನೋವಿನಿಂದ ಕಲಿತಿದೆ. 1970ರ ದಶಕದ ಕೊನೆಯಿಂದ 2000ದ ತನಕ ಗುಡ್ಡೆಗಳ ಮೇಲಿನ ಪ್ಲಾಂಟೇಶನ್ ಕಾರ್ಪೊರೇಶನಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರು ಮೇಲೆ, ಮನೆಗಳು, ಸುರಂಗಗಳು, ತೋಡುಗಳು ಕೆಳಗೆ. ಎಣ್ಮಕಜೆಯ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು, ಸಣ್ಣ ಪ್ರದೇಶದಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳು ಯಾಕೆ ಎಂದು 1990ರ ದಶಕದಲ್ಲಿಯೇ ಕೇಳತೊಡಗಿದರು. ಅವರ ಮೇಜಿನ ಮೇಲೆ ಈಗಿನಂಥ ನಕ್ಷೆ ಇರಲಿಲ್ಲ. ಯಾವ ಮನೆಯವರು, ಯಾವ ನೀರು ಕುಡಿಯುವವರು ಎಂಬ ಊರಿನ ಪರಿಚಯ ಇತ್ತು. ದೇಶದಾದ್ಯಂತ ಆ ವಿಷಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಇಂದು ನಮ್ಮ ಬಾವಿಯ ಮೇಲ್ಭಾಗದಲ್ಲಿ ಯಾರ ತೋಟವಿದೆ, ಯಾವ ಕ್ವಾರಿಯಿದೆ, ಅದರ ನೀರು ಎತ್ತ ಇಳಿಯುತ್ತದೆ ಎಂದು ಐದು ನಿಮಿಷದಲ್ಲಿ ನಕ್ಷೆ ತೋರಿಸುತ್ತದೆ. ಕೇಳುವ ಕೆಲಸವನ್ನು ಮಾತ್ರ ಊರಿನವರೇ ಮಾಡಬೇಕು.

ಗಡಿಯಾಚೆ ಜಾಗ ಇರುವವರಿಗೆ

ಬಂಟ್ವಾಳ, ಪುತ್ತೂರು, ಸುಳ್ಯ ತಾಲೂಕುಗಳಲ್ಲಿ ಪಾಲಿನ ಜಾಗ ಇರುವವರು ನಮ್ಮಲ್ಲಿ ಹಲವರು. ಅಲ್ಲಿಗೆ ಕೇರಳದ ತಾಣ ಉಪಯೋಗಕ್ಕಿಲ್ಲ. ಕರ್ನಾಟಕ ಸರಕಾರದ 'ದಿಶಾಂಕ್' ಎಂಬ ಮೊಬೈಲ್ ಸೌಕರ್ಯ ನೀವು ನಿಂತ ಜಾಗದ ಸರ್ವೆ ನಂಬ್ರ ತೋರಿಸುತ್ತದೆ; ಪಹಣಿಯನ್ನು 'ಭೂಮಿ' ತಾಣದಲ್ಲಿ ನೋಡಬಹುದು. ಫೋನಿನ 5 ಮೀಟರಿನ ತಪ್ಪು ಅಲ್ಲಿಯೂ ಇದೆ ಎಂಬುದನ್ನು ಮರೆಯದಿರಿ.

ಈ ತಿಂಗಳು ಮಾಡಬೇಕಾದದ್ದು

ಮಳೆ ಬರುವ ಮುಂಚೆ ಗಡಿಯ ಪೊದೆ ಕಡಿದು ಕಲ್ಲುಗಳನ್ನು ಕಾಣುವಂತೆ ಮಾಡಿ, ಸಾಧ್ಯವಾದರೆ ನೆರೆಯವರನ್ನೂ ಜತೆಗೆ ಕರೆಯಿರಿ. ನಿಮ್ಮ ಗ್ರಾಮದಲ್ಲಿ ಸರ್ವೆ ಯಾವ ಹಂತದಲ್ಲಿದೆ ಎಂದು ಗ್ರಾಮ ಕಚೇರಿಯಲ್ಲಿ ವಿಚಾರಿಸಿ, ಕರಡು ಪ್ರಕಟವಾಗಿದ್ದರೆ ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಒಂಟಿಯಾಗಿರುವ ಹಿರಿಯರು, ಮಕ್ಕಳು ಪರಊರಿನಲ್ಲಿರುವವರು ನಿಮ್ಮ ವಾರ್ಡಿನಲ್ಲಿದ್ದರೆ ಅವರ ನಕ್ಷೆಯನ್ನು ಅವರ ಎದುರಿನಲ್ಲೇ ತೆರೆದು ತೋರಿಸಿ. ಗುರಿಕಾರರು ಇದನ್ನು ತಮ್ಮ ಜವಾಬ್ದಾರಿಯೆಂದು ತಿಳಿಯಬೇಕಾಗಿ ವಿನಂತಿ.

ತಿಂಗಳ ಎರಡನೇ ಆದಿತ್ಯವಾರ ಪೂಜೆಯ ಬಳಿಕ ಸಭಾಭವನದಲ್ಲಿ ಯುವಜನರು ಮೂರು ಕಂಪ್ಯೂಟರ್ ಇಟ್ಟು ಕೂರುತ್ತಾರೆ. ಯಾವ ಧರ್ಮದವರೂ ಬರಬಹುದು. ನಮ್ಮ ನೆರೆಯ ಆ ಹಿರಿಯರೂ ತಮ್ಮ ಹಳೆಯ ಸ್ಕೆಚ್ಚು ಹಿಡಿದು ಬರುವುದಾಗಿ ತಿಳಿಸಿದ್ದಾರೆ. ಬರುವಾಗ ಆಧಾರದ ಜೆರಾಕ್ಸ್ ಪ್ರತಿ ತನ್ನಿ, ಮೂಲ ಪ್ರತಿ ಮನೆಯ ಪೆಟ್ಟಿಗೆಯಲ್ಲೇ ಇರಲಿ. ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ಯಾರಿಗೂ, ನಮಗೂ ಸಹ, ಹೇಳಬೇಡಿ, ನೀವೇ ಒತ್ತಿ.